ಚಾರ್ಲ್ಸ್ ದೊರೆಯ ಹೆಸರಿನ ರಾಜ್ಯದಲ್ಲಿ ದೊರೆ ಯಾರು?

2025ರ ಜೂನ್ 14ರಂದು ಮತ್ತು ಅಕ್ಟೋಬರ್ 18ರಂದು ಅಮೆರಿಕದ ನಗರ ನಗರಗಳಲ್ಲಿ ಜನ ಬೀದಿಗಿಳಿದು ‘ದೊರೆಗಳು ಬೇಡ’ ಎಂದು ಘೋಷಣೆ ಕೂಗಿದರು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಆಡಳಿತ ವೈಖರಿಯೇ ಆ ಪ್ರತಿಭಟನೆಗಳ ಗುರಿಯಾಗಿತ್ತು. ಸಹಜವಾಗಿ ಜಗತ್ತಿನ ದೃಷ್ಟಿ ವಾಷಿಂಗ್ಟನ್ನಿನ ಮೇಲೆ ನೆಟ್ಟಿತ್ತು. ಎರಡನೆಯ ಪ್ರತಿಭಟನೆ ನಡೆದು ನಾಲ್ಕು ದಿನ ಕಳೆಯುವಷ್ಟರಲ್ಲಿ, ಅಕ್ಟೋಬರ್ 22ರಂದು, ನಾರ್ತ್ ಕ್ಯಾರೊಲಿನಾ ರಾಜ್ಯದ ರಾಜಧಾನಿ ರಾಲಿಯಲ್ಲಿ ನಡೆದ ಘಟನೆ ಹೊರಗಿನವರ ಗಮನವನ್ನು ಅಷ್ಟಾಗಿ ಸೆಳೆಯಲಿಲ್ಲ. ರಿಪಬ್ಲಿಕನ್ ಬಹುಮತದ ಅಲ್ಲಿನ ಶಾಸನಸಭೆ, ಅಮೆರಿಕದ ಸಂಸತ್ತಿನ ಕೆಳಮನೆಗೆ ತನ್ನ ರಾಜ್ಯದಿಂದ ಆಯ್ಕೆಯಾಗುವ 14 ಪ್ರತಿನಿಧಿಗಳ ಕ್ಷೇತ್ರಗಳ ನಕ್ಷೆಯನ್ನು, ಹೊಸ ಜನಗಣತಿಯ ಕಾರಣವೇನೂ ಇಲ್ಲದೆ, ಮತ್ತೊಮ್ಮೆ ತಿದ್ದಿ ಬರೆಯಿತು. 1992ರಿಂದ ಕಪ್ಪು ಜನಾಂಗದ ಪ್ರತಿನಿಧಿಗಳನ್ನೇ ಗೆಲ್ಲಿಸುತ್ತ ಬಂದಿದ್ದ ಒಂದನೇ ಕ್ಷೇತ್ರವನ್ನು ತಮ್ಮ ಪಕ್ಷಕ್ಕೆ ಒಲಿಸಿಕೊಳ್ಳುವುದೇ ಉದ್ದೇಶ ಎಂಬುದನ್ನು ಸಭೆಯ ನಾಯಕರು ಮುಚ್ಚಿಡಲೂ ಇಲ್ಲ.

ಡೆಮಾಕ್ರಟಿಕ್ ಪಕ್ಷದ ಗವರ್ನರ್ ಜೋಶ್ ಸ್ಟೈನ್ ಅದನ್ನು ಖಂಡಿಸಿದರು. ಖಂಡಿಸುವುದಕ್ಕಿಂತ ಹೆಚ್ಚಿನದೇನೂ ಅವರ ಕೈಯಲ್ಲಿರಲಿಲ್ಲ. ಇತರ ಮಸೂದೆಗಳನ್ನು ತಡೆಹಿಡಿಯಬಲ್ಲ ಗವರ್ನರರಿಗೆ ಕ್ಷೇತ್ರಗಳ ನಕ್ಷೆಯನ್ನು ತಡೆಯುವ ಅಧಿಕಾರವನ್ನು ಆ ರಾಜ್ಯದ ಸಂವಿಧಾನ ಕೊಟ್ಟಿಲ್ಲ. ಅವರ ಸಹಿಯೂ ಅದಕ್ಕೆ ಬೇಕಿಲ್ಲ.

ಅಧ್ಯಕ್ಷರಲ್ಲಿ ದೊರೆಯ ಲಕ್ಷಣಗಳನ್ನು ಗುರುತಿಸುವ ಅಮೆರಿಕನ್ನರು ತಮ್ಮ ರಾಜ್ಯಗಳ ಶಾಸನಸಭೆಗಳಲ್ಲಿ ಅದನ್ನು ಗುರುತಿಸಲು ಏಕೆ ತಡವರಿಸುತ್ತಾರೆ? ಇದಕ್ಕೆ ಉತ್ತರ ಅವರ ಇತಿಹಾಸದಲ್ಲಿದೆ. ಆ ಇತಿಹಾಸ ಆರಂಭವಾಗುವುದು ಅಮೆರಿಕದಲ್ಲಿ ಅಲ್ಲ, ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ, ಸ್ಟುವರ್ಟ್ ರಾಜವಂಶದ ಆಳ್ವಿಕೆಯಲ್ಲಿ.

ಹೆಸರಿನಲ್ಲೇ ಇರುವ ಇತಿಹಾಸ

ಕ್ಯಾರೊಲಿನಾ ಎಂದರೆ ಚಾರ್ಲ್ಸನ ನಾಡು. ಚಾರ್ಲ್ಸ್ ಎಂಬುದರ ಲ್ಯಾಟಿನ್ ರೂಪ ಕ್ಯಾರೊಲಸ್. 1629ರಲ್ಲಿ ಒಂದನೇ ಚಾರ್ಲ್ಸ್ ದೊರೆ ಈ ಭೂಭಾಗವನ್ನು ತನ್ನ ಅಟಾರ್ನಿ ಜನರಲ್ ರಾಬರ್ಟ್ ಹೀತ್‌ಗೆ ಸನ್ನದಿನ ಮೂಲಕ ಕೊಟ್ಟಾಗ ಈ ಹೆಸರು ಹುಟ್ಟಿತು. ಅದೇ ವರ್ಷ ಅವನು ಪಾರ್ಲಿಮೆಂಟನ್ನು ವಿಸರ್ಜಿಸಿದ. ಹನ್ನೊಂದು ವರ್ಷ ಮತ್ತೆ ಅದನ್ನು ಕರೆಯಲೇ ಇಲ್ಲ. 1663ರಲ್ಲಿ ಅವನ ಮಗ ಎರಡನೇ ಚಾರ್ಲ್ಸ್ ಅದೇ ನಾಡನ್ನು, ತನಗೆ ಸಿಂಹಾಸನ ಮರಳಿ ದೊರೆಯಲು ನೆರವಾದವರೂ ಸೇರಿದಂತೆ ಎಂಟು ಮಂದಿ ಶ್ರೀಮಂತರಿಗೆ ಹಂಚಿದ. ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾಗಳು ಬೇರೆಯಾದದ್ದು ಆಮೇಲೆ.

ರಾಜಧಾನಿಯ ಹೆಸರಿನ ಕಥೆಯೂ ಸ್ವಾರಸ್ಯಕರ. ರಾಲಿ ನಗರಕ್ಕೆ ಆ ಹೆಸರು ಬಂದದ್ದು ಎಲಿಜಬೆತ್ ರಾಣಿಯ ಕಾಲದ ಸಾಹಸಿ ವಾಲ್ಟರ್ ರಾಲಿಯಿಂದ. ಸ್ಟುವರ್ಟ್ ವಂಶದ ಮೊದಲ ಇಂಗ್ಲಿಷ್ ದೊರೆ ಒಂದನೇ ಜೇಮ್ಸ್ 1618ರಲ್ಲಿ ಅವನ ಶಿರಚ್ಛೇದ ಮಾಡಿಸಿದ. ಜೇಮ್ಸನ ಮಗ ಒಂದನೇ ಚಾರ್ಲ್ಸ್‌ನ ತಲೆ 1649ರಲ್ಲಿ ಉರುಳಿತು. ತಲೆ ಕಳೆದುಕೊಂಡ ಅರಸನ ಹೆಸರು ರಾಜ್ಯಕ್ಕೆ, ಅವನ ತಂದೆಯಿಂದ ತಲೆ ಕಳೆದುಕೊಂಡವನ ಹೆಸರು ರಾಜಧಾನಿಗೆ!

ಇದನ್ನು ಕೇವಲ ಕಾಕತಾಳೀಯವೆಂದು ಬದಿಗಿಡುವಂತಿಲ್ಲ. ಅಮೆರಿಕದ ಮೊದಲ ರಾಜ್ಯ ಸಂವಿಧಾನಗಳನ್ನು ಬರೆದವರು ಸ್ಟುವರ್ಟರ ಕಾಲದ ಕಥೆಗಳನ್ನು ಕೇಳುತ್ತ, ಓದುತ್ತ ಬೆಳೆದವರು. ಅವರಿಗೆ ಅಧಿಕಾರದ ದುರುಪಯೋಗ ಎಂದರೆ ಏನೆಂದು ಕಲಿಸಿದ ಪಠ್ಯವೇ ಅದು.

ಪಾಠದ ಮೊದಲ ಭಾಗ

1603ರಲ್ಲಿ ಸ್ಕಾಟ್ಲೆಂಡಿನಿಂದ ಬಂದು ಇಂಗ್ಲೆಂಡಿನ ಸಿಂಹಾಸನ ಏರಿದ ಜೇಮ್ಸ್, ಅರಸನ ಅಧಿಕಾರ ದೈವದತ್ತವಾದದ್ದು ಎಂದು ನಂಬಿದ್ದ. ಅದನ್ನು ಪ್ರತಿಪಾದಿಸಿ ಪುಸ್ತಕಗಳನ್ನೂ ಬರೆದ. ಬರೆಯುವುದರಲ್ಲೇ ಬಹುಮಟ್ಟಿಗೆ ತೃಪ್ತನಾದ ತಂದೆಗಿಂತ, ಅದನ್ನು ಆಚರಣೆಗೆ ತರಲು ಹೊರಟ ಮಗ ಅಪಾಯಕಾರಿಯಾದ. ಪಾರ್ಲಿಮೆಂಟ್ ಇಲ್ಲದೆ ಆಳಿದ ಹನ್ನೊಂದು ವರ್ಷಗಳಲ್ಲಿ ಚಾರ್ಲ್ಸ್ ಹಣಕ್ಕಾಗಿ ಹಳೆಯ ಕಡತಗಳನ್ನೆಲ್ಲ ಕೆದಕಿಸಿದ. ಯುದ್ಧಕಾಲದಲ್ಲಿ ಕರಾವಳಿಯ ಊರುಗಳಿಂದ ಪಡೆಯುತ್ತಿದ್ದ ಹಡಗು ತೆರಿಗೆಯನ್ನು 1635ರಿಂದ ಒಳನಾಡಿನ ಜಿಲ್ಲೆಗಳ ಮೇಲೂ ಹೇರಿದ. ಜಾನ್ ಹ್ಯಾಂಪ್ಡನ್ ಎಂಬ ಜಮೀನುದಾರ ತೆರಿಗೆ ಕೊಡಲು ನಿರಾಕರಿಸಿ ನ್ಯಾಯಾಲಯದ ಮೆಟ್ಟಿಲೇರಿದಾಗ ಹನ್ನೆರಡು ನ್ಯಾಯಾಧೀಶರಲ್ಲಿ ಏಳು ಮಂದಿ ದೊರೆಯ ಪರ ತೀರ್ಪು ಕೊಟ್ಟರು. ದೊರೆ ಗೆದ್ದರೂ ದೊರೆಯ ನೈತಿಕ ಬಲ ಅಲ್ಲಿಗೆ ಕುಸಿಯಿತು. 1642ರ ಜನವರಿ 4ರಂದು ಅವನು ಸೈನಿಕರೊಡನೆ ಕಾಮನ್ಸ್ ಸಭೆಗೇ ನುಗ್ಗಿ ಐವರು ಸದಸ್ಯರನ್ನು ಬಂಧಿಸಲು ಯತ್ನಿಸಿದ. ಆ ವರ್ಷವೇ ಅಂತರ್ಯುದ್ಧ ಆರಂಭವಾಯಿತು.

ಅವನ ಕಿರಿಯ ಮಗ ಎರಡನೇ ಜೇಮ್ಸ್ 1685ರಲ್ಲಿ ಪಟ್ಟಕ್ಕೆ ಬಂದಾಗ ಪಾರ್ಲಿಮೆಂಟನ್ನು ನಿರಾಕರಿಸುವ ಬದಲು ಅದನ್ನು ತನಗೆ ಬೇಕಾದಂತೆ ರೂಪಿಸಿಕೊಳ್ಳುವ ದಾರಿ ಹಿಡಿದ. ಪಟ್ಟಣಗಳ ಸನ್ನದುಗಳನ್ನು ರದ್ದುಮಾಡಿ ಹೊಸದಾಗಿ ಬರೆಸುವ ಕೆಲಸವನ್ನು ಅವನ ಅಣ್ಣನೇ ಶುರುಮಾಡಿದ್ದ. ಲಂಡನ್ ನಗರವೇ 1683ರಲ್ಲಿ ತನ್ನ ಸನ್ನದನ್ನು ಕಳೆದುಕೊಂಡಿತ್ತು. ಯಾವ ಪಟ್ಟಣದಲ್ಲಿ ಯಾರಿಗೆ ಮತದಾನದ ಹಕ್ಕು ಇರಬೇಕೆಂಬುದು ಅನೇಕ ಕಡೆ ಆ ಸನ್ನದುಗಳನ್ನೇ ಅವಲಂಬಿಸಿತ್ತು. ಜೇಮ್ಸ್ 1687 ಮತ್ತು 1688ರಲ್ಲಿ ಇನ್ನೂ ಮುಂದೆ ಹೋಗಿ, ಜಿಲ್ಲೆ ಜಿಲ್ಲೆಗಳ ಪ್ರಮುಖರಿಗೆ ಪ್ರಶ್ನೆಗಳನ್ನು ಕಳುಹಿಸಿ, ತಾನು ಬಯಸಿದ ಕಾನೂನಿಗೆ ಅವರು ಬೆಂಬಲ ಕೊಡುವರೇ ಎಂದು ಮೊದಲೇ ವಿಚಾರಿಸಿದ. ಜನ ಪ್ರತಿನಿಧಿಗಳನ್ನು ಆರಿಸುವ ಬದಲು, ಆರಿಸುವ ಜನರನ್ನೇ ದೊರೆ ಆರಿಸುವ ಏರ್ಪಾಡು ಇದು. ಜೊತೆಗೆ, ತನಗೆ ಬೇಡವಾದ ಕಾನೂನುಗಳನ್ನು ತಾನೊಬ್ಬನೇ ಅಮಾನತಿನಲ್ಲಿಡಬಲ್ಲೆ ಎಂಬ ವಾದವನ್ನೂ ಮುಂದಿಟ್ಟ. ತಾನು ತಿದ್ದಿ ರೂಪಿಸುತ್ತಿದ್ದ ಆ ಪಾರ್ಲಿಮೆಂಟು ಸೇರುವ ಮೊದಲೇ ಅವನು ದೇಶ ಬಿಟ್ಟು ಓಡಬೇಕಾಯಿತು. 1688ರ ಆ ರಕ್ತರಹಿತ ಕ್ರಾಂತಿಯನ್ನು, ಅದರ ಮರುವರ್ಷದ ಹಕ್ಕುಗಳ ಮಸೂದೆಯನ್ನು ನಮ್ಮ ಶಾಲಾ ಪಠ್ಯಗಳಲ್ಲೂ ಓದಿದ್ದೇವೆ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಕಾನೂನನ್ನು ಅಮಾನತುಗೊಳಿಸುವುದು ಅಕ್ರಮ ಎಂದು ಆ ಮಸೂದೆ ಸಾರಿತು.

ಸಂಬಳದ ರಸೀದಿಗೆ ಸಹಿ

1776ರ ಡಿಸೆಂಬರಿನಲ್ಲಿ ನಾರ್ತ್ ಕ್ಯಾರೊಲಿನಾದ ಮೊದಲ ಸಂವಿಧಾನವನ್ನು ಬರೆದವರು ಈ ಪಾಠವನ್ನು ಅಕ್ಷರಶಃ ಅನುಸರಿಸಿದರು. ಜನಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ಕಾನೂನನ್ನು ಅಮಾನತುಗೊಳಿಸಬಾರದು ಎಂಬ 1689ರ ಆಶಯ ಅವರ ಹಕ್ಕುಗಳ ಘೋಷಣೆಯಲ್ಲಿ ಸೇರಿತು. ರಾಜ್ಯದ ಈಗಿನ ಸಂವಿಧಾನದಲ್ಲೂ ಅದು ಉಳಿದಿದೆ. ದೂರದ ಇತಿಹಾಸಕ್ಕೆ ಹತ್ತಿರದ ಅನುಭವವೂ ಬೆಂಬಲವಾಗಿತ್ತು. ಬ್ರಿಟಿಷ್ ದೊರೆ ನೇಮಿಸಿದ ಗವರ್ನರ್ ವಿಲಿಯಂ ಟ್ರಯಾನ್ ತೆರಿಗೆಯ ಹಣದಲ್ಲಿ ನ್ಯೂಬರ್ನ್‌ನಲ್ಲಿ ಅರಮನೆಯನ್ನೇ ಕಟ್ಟಿಸಿದ್ದ; ತೆರಿಗೆ ಮತ್ತು ಅಧಿಕಾರಿಗಳ ಸುಲಿಗೆಯ ವಿರುದ್ಧ ಬಂಡೆದ್ದ ರೈತರನ್ನು 1771ರಲ್ಲಿ ಅಲಮಾನ್ಸ್ ಎಂಬಲ್ಲಿ ಸೈನ್ಯದಿಂದ ಬಗ್ಗುಬಡಿದಿದ್ದ. ಅವನ ನಂತರ ಬಂದ ಜೋಸಯ್ಯ ಮಾರ್ಟಿನ್ 1775ರಲ್ಲಿ ಹಡಗು ಹತ್ತಿ ಪಾರಾಗಬೇಕಾಯಿತು.

ಇಂಥ ಗವರ್ನರುಗಳನ್ನು ಕಂಡ ಜನ ಹೊಸ ಗವರ್ನರ್ ಹುದ್ದೆಯನ್ನು ಹೇಗೆ ರೂಪಿಸಿದರೆಂದರೆ, ಅದರಲ್ಲಿ ಹೆಸರೊಂದನ್ನು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಅವನನ್ನು ಶಾಸನಸಭೆಯೇ ಆರಿಸುತ್ತಿತ್ತು. ಅವಧಿ ಒಂದು ವರ್ಷ. ಆರು ವರ್ಷಗಳಲ್ಲಿ ಮೂರಕ್ಕಿಂತ ಹೆಚ್ಚು ವರ್ಷ ಹುದ್ದೆಯಲ್ಲಿರುವಂತಿಲ್ಲ. ಮಸೂದೆಗಳನ್ನು ತಡೆಯುವ ವಿಟೊ ಅಧಿಕಾರವಂತೂ ಇಲ್ಲವೇ ಇಲ್ಲ. ತನ್ನ ಸಂಬಳದ ರಸೀದಿಗೆ ಸಹಿ ಹಾಕುವಷ್ಟು ಅಧಿಕಾರ ಮಾತ್ರ ಗವರ್ನರನಿಗೆ ಉಂಟು ಎಂಬ ಹಳೆಯ ಚಟಾಕಿ ಆ ರಾಜ್ಯದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಇಲ್ಲಿ ನಮ್ಮ ಓದುಗರಿಗೆ ಒಂದು ವ್ಯತ್ಯಾಸವನ್ನು ನೆನಪಿಸಬೇಕು. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತೆ ಕೇಂದ್ರದಿಂದ ನೇಮಕಗೊಂಡವರಲ್ಲ. ಅವರ ಸ್ಥಾನ ನಮ್ಮ ಮುಖ್ಯಮಂತ್ರಿಗೆ ಹತ್ತಿರವಾದದ್ದು. ಆದರೆ ಮುಖ್ಯಮಂತ್ರಿಯಂತೆ ಶಾಸನಸಭೆಯ ಬಹುಮತದಿಂದ ಹುಟ್ಟಿ, ಅದರ ವಿಶ್ವಾಸವನ್ನು ಆಧರಿಸಿ ನಿಲ್ಲುವ ಹುದ್ದೆಯೂ ಅದಲ್ಲ. ಇಂದು ಅವರನ್ನು ಇಡೀ ರಾಜ್ಯದ ಮತದಾರರು ನೇರವಾಗಿ ಆರಿಸುತ್ತಾರೆ. ಹೀಗಾಗಿ ಗವರ್ನರ್ ಒಂದು ಪಕ್ಷ, ಶಾಸನಸಭೆ ಇನ್ನೊಂದು ಪಕ್ಷ ಎಂಬ ಸ್ಥಿತಿ ಅಲ್ಲಿ ಅಪರೂಪವೇನಲ್ಲ.

ನಾರ್ತ್ ಕ್ಯಾರೊಲಿನಾದಲ್ಲಿ ಗವರ್ನರರನ್ನು ಜನರೇ ಆರಿಸುವ ಪದ್ಧತಿ ಬಂದದ್ದು 1836ರಲ್ಲಿ. ಸತತ ಎರಡನೇ ಅವಧಿಗೆ ಸ್ಪರ್ಧಿಸುವ ಅವಕಾಶ ಸಿಕ್ಕಿದ್ದು 1977ರಲ್ಲಿ. ವಿಟೊ ಅಧಿಕಾರಕ್ಕೆ ಮತದಾರರು ಒಪ್ಪಿಗೆ ಕೊಟ್ಟದ್ದು 1996ರ ನವೆಂಬರಿನಲ್ಲಿ. ಅಮೆರಿಕದ ಐವತ್ತು ರಾಜ್ಯಗಳಲ್ಲಿ ಈ ಅಧಿಕಾರವನ್ನು ಕಟ್ಟಕಡೆಗೆ ಕೊಟ್ಟ ರಾಜ್ಯ ಇದು. ಚಾರ್ಲ್ಸನ ಭೂತ ಎರಡು ಶತಮಾನಗಳಿಗೂ ಹೆಚ್ಚು ಕಾಲ ಗವರ್ನರರ ಕಚೇರಿಯ ಬಾಗಿಲಲ್ಲಿ ಕಾವಲು ಕುಳಿತಿತ್ತು ಎನ್ನಬೇಕು.

ಕೊಟ್ಟದ್ದನ್ನು ಕಿತ್ತುಕೊಳ್ಳುವ ಸಭೆ

ಶತಮಾನಕ್ಕೂ ಹೆಚ್ಚು ಕಾಲದ ನಂತರ, 2010ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷ ಈ ರಾಜ್ಯದ ಎರಡೂ ಸದನಗಳನ್ನು ಗೆದ್ದಿತು. ಅಲ್ಲಿಂದೀಚೆಗೆ ಶಾಸನಸಭೆಗೂ ಗವರ್ನರರಿಗೂ ನಡೆದ ಜಗ್ಗಾಟವನ್ನು ಕೇವಲ ಪಕ್ಷಗಳ ಜಗಳ ಎಂದು ಬಗೆದರೆ ತಪ್ಪಾದೀತು. ಸರಕಾರಿ ಆಯೋಗಗಳಿಗೆ ಸದಸ್ಯರನ್ನು ಶಾಸನಸಭೆಯೇ ನೇಮಿಸುವುದನ್ನು ಪ್ರಶ್ನಿಸಿ ಮೊದಲು ನ್ಯಾಯಾಲಯಕ್ಕೆ ಹೋದವರು ಅದೇ ರಿಪಬ್ಲಿಕನ್ ಪಕ್ಷದ ಗವರ್ನರ್ ಪ್ಯಾಟ್ ಮೆಕ್ರೋರಿ. 2016ರ ಜನವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು.

ಅದೇ ವರ್ಷದ ನವೆಂಬರಿನಲ್ಲಿ ಮೆಕ್ರೋರಿ ಸುಮಾರು ಹತ್ತು ಸಾವಿರ ಮತಗಳಿಂದ ಡೆಮಾಕ್ರಟಿಕ್ ಪಕ್ಷದ ರಾಯ್ ಕೂಪರ್ ಅವರಿಗೆ ಸೋತರು. ಕೂಪರ್ ಪ್ರಮಾಣವಚನ ಸ್ವೀಕರಿಸುವ ಮೊದಲೇ, ಡಿಸೆಂಬರಿನಲ್ಲಿ ತುರ್ತಾಗಿ ಸೇರಿದ ಶಾಸನಸಭೆ, ಗವರ್ನರ್ ತಮ್ಮ ವಿವೇಚನೆಯಿಂದ ನೇಮಿಸಬಹುದಾದ ಹುದ್ದೆಗಳ ಸಂಖ್ಯೆಯನ್ನು 1500ರಿಂದ 425ಕ್ಕೆ ಇಳಿಸಿತು. ಚುನಾವಣಾ ಮಂಡಳಿಯ ಮೇಲಿನ ಗವರ್ನರರ ಹಿಡಿತವನ್ನೂ ಸಡಿಲಿಸಿತು. ಮಂಡಳಿಯ ಈ ಪುನಾರಚನೆಯನ್ನು ರಾಜ್ಯದ ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ರದ್ದುಮಾಡಿತು. ಆಗ ಸಭೆ ಸಂವಿಧಾನವನ್ನೇ ತಿದ್ದಲು ಹೊರಟಿತು. ಆ ಆಗಸ್ಟಿನಲ್ಲಿ ಬದುಕಿದ್ದ ಐವರು ಮಾಜಿ ಗವರ್ನರುಗಳು, ಅವರಲ್ಲಿ ಇಬ್ಬರು ರಿಪಬ್ಲಿಕನ್ನರು, ಒಟ್ಟಾಗಿ ನಿಂತು ಆ ತಿದ್ದುಪಡಿಗಳನ್ನು ವಿರೋಧಿಸಿದರು. ನವೆಂಬರಿನಲ್ಲಿ ಮತದಾರರು ಅವೆರಡನ್ನೂ ದೊಡ್ಡ ಅಂತರದಿಂದ ತಿರಸ್ಕರಿಸಿದರು.

ಜನರ ಉತ್ತರ ಇಷ್ಟು ಸ್ಪಷ್ಟವಾಗಿದ್ದರೂ ಸಭೆ ಹಿಂದೆ ಸರಿಯಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ರಾಜ್ಯದ ಪಶ್ಚಿಮದ ಗುಡ್ಡಗಾಡು ಪ್ರದೇಶವನ್ನು ಧ್ವಂಸಮಾಡಿತು. ನೂರಕ್ಕೂ ಹೆಚ್ಚು ಜನ ಸತ್ತರು. ನವೆಂಬರಿನಲ್ಲಿ ಪರಿಹಾರದ ಹೆಸರಿನಲ್ಲಿ ಬಂದ ಮಸೂದೆಯ ಪುಟಗಳ ಬಹುಪಾಲು ಪರಿಹಾರಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಚುನಾವಣಾ ಮಂಡಳಿಯನ್ನು ನೇಮಿಸುವ ಅಧಿಕಾರವನ್ನು ಅದು ಗವರ್ನರರಿಂದ ಕಿತ್ತು ರಾಜ್ಯದ ಲೆಕ್ಕಪರಿಶೋಧಕರಿಗೆ ವರ್ಗಾಯಿಸಿತು. ಆ ಹುದ್ದೆಗೂ ಜನರೇ ಆರಿಸುತ್ತಾರೆ ಎಂಬುದು ನಿಜ. ಆದರೆ ಅಧಿಕಾರ ಅಲ್ಲಿಗೆ ಹೋದದ್ದು ಆ ಹುದ್ದೆಯನ್ನು ರಿಪಬ್ಲಿಕನ್ ಅಭ್ಯರ್ಥಿ ಗೆದ್ದ ಮೇಲೆ. ಕೂಪರ್ ವಿಟೊ ಚಲಾಯಿಸಿದರು. ಅದನ್ನು ಮೀರಲು ಐದನೇ ಮೂರರಷ್ಟು, ಎಂದರೆ 120 ಮಂದಿಯ ಕೆಳಮನೆಯಲ್ಲಿ 72 ಮತ ಬೇಕು. ನವೆಂಬರಿನ ಚುನಾವಣೆಯಲ್ಲಿ ರಿಪಬ್ಲಿಕನ್ನರ ಬಲ 71ಕ್ಕೆ ಇಳಿದಿತ್ತು. ಆದರೆ ಹೊಸ ಸಭೆ ಕೂಡುವುದು ಜನವರಿಯಲ್ಲಿ. ಡಿಸೆಂಬರ್ 11ರಂದು, ಜನಾದೇಶ ತೀರಿಹೋಗುತ್ತಿದ್ದ ಹಳೆಯ ಸಭೆಯೇ ವಿಟೊವನ್ನು ತಳ್ಳಿಹಾಕಿತು. ಕೆಳ ನ್ಯಾಯಾಲಯ ಆ ಬದಲಾವಣೆಯನ್ನು ಅಸಾಂವಿಧಾನಿಕ ಎಂದರೂ ಮೇಲಿನ ನ್ಯಾಯಾಲಯಗಳು ಜಾರಿಯನ್ನು ತಡೆಯಲಿಲ್ಲ. 2025ರ ಮೇ ತಿಂಗಳಲ್ಲಿ ಹೊಸ ಚುನಾವಣಾ ಮಂಡಳಿ ಅಧಿಕಾರಕ್ಕೆ ಬಂದಿತು.

ಮರೆತುಹೋದ ಎರಡನೆಯ ಭಾಗ

ಈ ವಿದ್ಯಮಾನಗಳಿಗೆ ಹೋಲಿಕೆಯನ್ನು ಚಾರ್ಲ್ಸನ ಹನ್ನೊಂದು ವರ್ಷಗಳಲ್ಲಿ ಹುಡುಕಿದರೆ ಸಿಗದು. ಅದನ್ನು ಹುಡುಕಬೇಕಾದದ್ದು ಚಾರ್ಲ್ಸನನ್ನು ಸೋಲಿಸಿದ ಪಾರ್ಲಿಮೆಂಟಿನ ಕಥೆಯಲ್ಲಿ.

1640ರ ನವೆಂಬರಿನಲ್ಲಿ ಸೇರಿದ ಆ ಸಭೆಯನ್ನು ಇತಿಹಾಸ ‘ದೀರ್ಘ ಪಾರ್ಲಿಮೆಂಟ್’ ಎಂದು ಕರೆಯುತ್ತದೆ. ಅದು ಹಡಗು ತೆರಿಗೆಯನ್ನು ರದ್ದುಮಾಡಿತು, ಮೂರು ವರ್ಷಕ್ಕೊಮ್ಮೆಯಾದರೂ ಪಾರ್ಲಿಮೆಂಟ್ ಸೇರಲೇಬೇಕೆಂಬ ಕಾನೂನು ಮಾಡಿತು. ಎಲ್ಲವೂ ಶ್ಲಾಘನೀಯವೇ. 1641ರ ಮೇ ತಿಂಗಳಲ್ಲಿ ಅದು ಇನ್ನೊಂದು ಕಾನೂನನ್ನೂ ಮಾಡಿತು: ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ಯಾರೂ ವಿಸರ್ಜಿಸುವಂತಿಲ್ಲ. ಅದಕ್ಕೆ ಸಮರ್ಥನೆಯೂ ಇತ್ತು. ದೊರೆ ಯಾವ ದಿನ ಬೇಕಾದರೂ ಸಭೆಯನ್ನು ಮನೆಗೆ ಕಳುಹಿಸಬಹುದಾದರೆ ಅದನ್ನು ನಂಬಿ ಸಾಲ ಕೊಡುವವರು ಯಾರು ಎಂಬ ಪ್ರಶ್ನೆ ಎದುರಿಗಿತ್ತು. ಆದರೆ ದೊರೆಯ ಕೈಗೆ ಹಾಕಿದ ಆ ಬೇಡಿ ಮತದಾರರ ಕೈಗೂ ಬಿತ್ತು. 1640ರಲ್ಲಿ ಆಯ್ಕೆಯಾದವರು ಸಾರ್ವತ್ರಿಕ ಚುನಾವಣೆಯನ್ನೇ ಎದುರಿಸದೆ ವರ್ಷಗಟ್ಟಲೆ ಮುಂದುವರಿದರು. 1648ರ ಡಿಸೆಂಬರಿನಲ್ಲಿ ಕರ್ನಲ್ ಪ್ರೈಡ್ ಬಾಗಿಲಲ್ಲಿ ಸೈನಿಕರನ್ನು ನಿಲ್ಲಿಸಿ ಬೇಡದ ಸದಸ್ಯರನ್ನು ಹೊರಗಟ್ಟಿದ. ಒಳಗೆ ಉಳಿದವರನ್ನು ಜನ ‘ರಂಪ್’, ಎಂದರೆ ಪ್ರಾಣಿಯ ಹಿಂಭಾಗ, ಎಂದು ಗೇಲಿಮಾಡಿದರು. ಆ ಉಳಿಕೆಯ ಸಭೆ ತಾನೇ ಜನತೆ ಎಂದು ಭಾವಿಸಿ ದೊರೆಯ ವಿಚಾರಣೆಗೆ ನ್ಯಾಯಮಂಡಲಿ ರಚಿಸಿತು, ಅರಸೊತ್ತಿಗೆಯನ್ನೂ ಪ್ರಭುಗಳ ಸಭೆಯನ್ನೂ ರದ್ದುಮಾಡಿತು. ಹೊಸ ಚುನಾವಣೆ ನಡೆಸುವ ಮಾತು ಮಾತ್ರ ಮುಂದೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೆ 1653ರ ಏಪ್ರಿಲ್ 20ರಂದು ಆಲಿವರ್ ಕ್ರಾಂವೆಲ್ ಬಂದೂಕುಧಾರಿಗಳೊಡನೆ ಬಂದು ಸಭೆಯ ಬಾಗಿಲು ಹಾಕಿಸಿದ. ಅದಕ್ಕಾಗಿ ಬೀದಿಯಲ್ಲಿ ಅತ್ತವರು ವಿರಳ.

1659ರಲ್ಲಿ ಮತ್ತೆ ಜೀವ ಪಡೆದ ಆ ಪಾರ್ಲಿಮೆಂಟು ಅಂತಿಮವಾಗಿ ವಿಸರ್ಜನೆಗೊಂಡದ್ದು 1660ರ ಮಾರ್ಚ್‌ನಲ್ಲಿ, ಸೇನಾನಿ ಜಾರ್ಜ್ ಮಂಕ್‌ನ ಒತ್ತಡದಿಂದ. ಸ್ಟುವರ್ಟ್ ವಂಶವನ್ನು ಮರಳಿ ತಂದ ಈತನೂ ಕ್ಯಾರೊಲಿನಾ ಉಡುಗೊರೆ ಪಡೆದ ಎಂಟು ಮಂದಿಯಲ್ಲಿ ಒಬ್ಬ.

ಸ್ಟುವರ್ಟರ ಕಾಲದ ಪೂರ್ಣ ಪಾಠ ಇದು. ಲೆಕ್ಕ ಕೊಡಬೇಕಿಲ್ಲದ ಅರಸ ಅಪಾಯಕಾರಿ; ಲೆಕ್ಕ ಕೊಡಬೇಕಿಲ್ಲದ ಸಭೆಯೂ ಅಷ್ಟೇ ಅಪಾಯಕಾರಿ. ಅರಸನಾದರೂ ಒಬ್ಬ, ಅವನ ತಪ್ಪಿಗೆ ಒಂದು ಮುಖವಿದೆ. ನೂರಾರು ಮಂದಿಯ ಸಭೆಗೆ ಜನರ ಹೆಸರಿದೆ, ಜವಾಬ್ದಾರಿ ಹೊರುವ ಮುಖವಿಲ್ಲ. ಜೆಫರ್ಸನ್ ತನ್ನ ವರ್ಜೀನಿಯಾ ರಾಜ್ಯವನ್ನು ಕುರಿತ ಪುಸ್ತಕದಲ್ಲಿ ಈ ಅಪಾಯದ ಬಗ್ಗೆ ಎಚ್ಚರಿಸಿದ್ದ. ನಾರ್ತ್ ಕ್ಯಾರೊಲಿನಾದ ನ್ಯಾಯಾಧೀಶರು ಇನ್ನೂ ಸ್ಪಷ್ಟವಾಗಿ ಹೇಳಿದ್ದರು. 1787ರ ಬೇಯಾರ್ಡ್ ಮತ್ತು ಸಿಂಗಲ್ಟನ್ ಪ್ರಕರಣದಲ್ಲಿ ಅವರು ಶಾಸನಸಭೆಯ ಕಾನೂನೊಂದನ್ನು ಸಂವಿಧಾನಬಾಹಿರ ಎಂದು ತಳ್ಳಿಹಾಕಿದರು. ಅಮೆರಿಕದ ಇತಿಹಾಸದಲ್ಲಿ ಇಂಥ ಮೊದಮೊದಲ ತೀರ್ಪುಗಳಲ್ಲಿ ಇದೂ ಒಂದು. ಅವರ ತರ್ಕ ಹೀಗಿತ್ತು: ಸಭೆ ಸಂವಿಧಾನದ ಒಂದು ವಿಧಿಯನ್ನು ಮೀರಬಹುದಾದರೆ, ಚುನಾವಣೆಯೇ ಇಲ್ಲದೆ ತನ್ನ ಸದಸ್ಯರನ್ನು ಆಜೀವ ಶಾಸಕರೆಂದು ಘೋಷಿಸಿಕೊಂಡು, ಆ ಅಧಿಕಾರವನ್ನು ಅವರ ಗಂಡುಮಕ್ಕಳಿಗೆ ವಂಶಪಾರಂಪರ್ಯವಾಗಿ ದಾಟಿಸಲೂಬಹುದು. ರಾಜವಂಶ ಹುಟ್ಟಲು ಕಿರೀಟವೇ ಬೇಕಿಲ್ಲ ಎಂಬುದು ಆ ನ್ಯಾಯಾಧೀಶರಿಗೆ ಗೊತ್ತಿತ್ತು.

ಮತದಾರರನ್ನು ಆರಿಸುವ ಕಲೆ

ಇಂದಿನ ಶಾಸಕರು ಚುನಾವಣೆಯನ್ನು ಎದುರಿಸುತ್ತಾರಲ್ಲ, ಎರಡು ವರ್ಷಕ್ಕೊಮ್ಮೆ ಜನರ ಮುಂದೆ ಹೋಗುತ್ತಾರಲ್ಲ ಎಂದು ಕೇಳಬಹುದು. ಹೋಗುತ್ತಾರೆ, ಆದರೆ ಯಾವ ಜನರ ಮುಂದೆ ಹೋಗಬೇಕೆಂದು ಮೊದಲೇ ತೀರ್ಮಾನಿಸಿಕೊಂಡು ಹೋಗುತ್ತಾರೆ. ಎದುರಾಳಿಯ ಮತದಾರರನ್ನು ಒಂದೆರಡು ಕ್ಷೇತ್ರಗಳಲ್ಲಿ ತುಂಬಿ, ಉಳಿದವರನ್ನು ಹಲವು ಕ್ಷೇತ್ರಗಳಿಗೆ ಚದುರಿಸಿ, ಗೆಲುವನ್ನು ನಕ್ಷೆಯಲ್ಲೇ ಬರೆದಿಡುವ ವಿದ್ಯೆಗೆ ಅಮೆರಿಕದಲ್ಲಿ ಗೆರಿಮ್ಯಾಂಡರಿಂಗ್ ಎನ್ನುತ್ತಾರೆ. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್‌ಬ್ರಿಜ್ ಗೆರಿಯಿಂದ ಬಂದ ಹೆಸರು ಅದು. ವಿದ್ಯೆ ಮಾತ್ರ ಎರಡನೇ ಜೇಮ್ಸ್‌ನ ಸನ್ನದುಗಳಷ್ಟು ಹಳೆಯದು. ಅವನ ಬಳಿ ಗಣಕಯಂತ್ರ ಇರಲಿಲ್ಲ, ಅಷ್ಟೇ.

ಫಲಿತಾಂಶಗಳೇ ಇದನ್ನು ಹೇಳುತ್ತವೆ. ನಾರ್ತ್ ಕ್ಯಾರೊಲಿನಾ ಎರಡೂ ಪಕ್ಷಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋದ ರಾಜ್ಯ. 2024ರಲ್ಲಿ ಟ್ರಂಪ್ ಇಲ್ಲಿ ಸುಮಾರು ಶೇ 3ರ ಅಂತರದಿಂದ ಗೆದ್ದರೆ, ಅದೇ ದಿನ ಡೆಮಾಕ್ರಟಿಕ್ ಪಕ್ಷದ ಸ್ಟೈನ್ ಸುಮಾರು ಶೇ 15ರ ಅಂತರದಿಂದ ಗವರ್ನರ್ ಆದರು. 2022ರಲ್ಲಿ ನ್ಯಾಯಾಲಯ ಬರೆಸಿದ ನಕ್ಷೆಯ ಪ್ರಕಾರ ಚುನಾವಣೆ ನಡೆದಾಗ ಎರಡೂ ಪಕ್ಷಗಳಿಗೆ ಏಳೇಳು ಸಂಸತ್ ಸ್ಥಾನಗಳು ಬಂದವು. ಆ ಚುನಾವಣೆಯಲ್ಲೇ ರಾಜ್ಯದ ಸುಪ್ರೀಂ ಕೋರ್ಟಿನ ಬಹುಮತವೂ ಬದಲಾಯಿತು. ಅಲ್ಲಿ ನ್ಯಾಯಮೂರ್ತಿಗಳನ್ನೂ ಪಕ್ಷದ ಹೆಸರಿನೊಡನೆ ಜನರೇ ಆರಿಸುತ್ತಾರೆ. ಹೊಸ ಪೀಠ 2023ರ ಏಪ್ರಿಲ್‌ನಲ್ಲಿ ಹಿಂದಿನ ತೀರ್ಪನ್ನು ಅಳಿಸಿತು, ಶಾಸನಸಭೆ ಹೊಸ ನಕ್ಷೆ ಬರೆಯಿತು, 2024ರಲ್ಲಿ ಸ್ಥಾನಗಳು ಹತ್ತು ಮತ್ತು ನಾಲ್ಕಾದವು. 2025ರ ನಕ್ಷೆಯ ಗುರಿ ಹನ್ನೊಂದು ಮತ್ತು ಮೂರು. ಎರಡು ವರ್ಷಗಳಲ್ಲಿ ಮತದಾರರ ಮನಸ್ಸು ಅಷ್ಟು ಬದಲಾಗಿರಲಿಲ್ಲ, ಬದಲಾದದ್ದು ಗೆರೆಗಳು.

ಈ ರೋಗ ಒಂದೇ ಪಕ್ಷದ್ದಲ್ಲ. ದಶಕಗಳ ಕಾಲ ಈ ರಾಜ್ಯದ ಗವರ್ನರರಿಗೆ ವಿಟೊ ನಿರಾಕರಿಸಿದ್ದು ಡೆಮಾಕ್ರಟಿಕ್ ಶಾಸನಸಭೆಗಳೇ. 1988ರಲ್ಲಿ ರಿಪಬ್ಲಿಕನ್ನರೊಬ್ಬರು ಉಪಗವರ್ನರ್ ಆಗಿ ಗೆದ್ದಾಗ, ಮೇಲ್ಮನೆಯಲ್ಲಿ ಆ ಹುದ್ದೆಗಿದ್ದ ಅಧಿಕಾರಗಳನ್ನು ಡೆಮಾಕ್ರಟರು ಕೂಡಲೇ ಕಿತ್ತುಕೊಂಡರು. 2019ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್, ಪಕ್ಷಲಾಭಕ್ಕಾಗಿ ಕ್ಷೇತ್ರಗಳನ್ನು ತಿರುಚುವುದು ಒಕ್ಕೂಟದ ನ್ಯಾಯಾಲಯಗಳು ತೀರ್ಮಾನಿಸಬಹುದಾದ ವಿಷಯವಲ್ಲ ಎಂದು ಐದು–ನಾಲ್ಕರ ಬಹುಮತದಿಂದ ಕೈತೊಳೆದುಕೊಂಡಿತು. ಆ ಒಂದೇ ತೀರ್ಪಿನಲ್ಲಿ ಎರಡು ಪ್ರಕರಣಗಳಿದ್ದವು. ಒಂದು ನಾರ್ತ್ ಕ್ಯಾರೊಲಿನಾದ ರಿಪಬ್ಲಿಕನ್ ನಕ್ಷೆ. ಇನ್ನೊಂದು ಮೇರಿಲ್ಯಾಂಡಿನ ಡೆಮಾಕ್ರಟಿಕ್ ನಕ್ಷೆ. ಮೇರಿಲ್ಯಾಂಡಿಗೆ ಆ ಹೆಸರು ಬಂದದ್ದು ಒಂದನೇ ಚಾರ್ಲ್ಸ್‌ನ ರಾಣಿ ಹೆನ್ರಿಯೆಟ್ಟಾ ಮರಿಯಾಳಿಂದ. ದೊರೆಯ ನಾಡೂ ರಾಣಿಯ ನಾಡೂ ಒಂದೇ ಆರೋಪ ಹೊತ್ತು ಒಂದೇ ಕಟಕಟೆಯಲ್ಲಿ ನಿಂತದ್ದನ್ನು ಇತಿಹಾಸದ ವ್ಯಂಗ್ಯ ಎನ್ನದೆ ವಿಧಿಯಿಲ್ಲ. 2025ರಲ್ಲಿ ಟೆಕ್ಸಾಸ್ ರಿಪಬ್ಲಿಕನ್ನರಿಗಾಗಿ ನಕ್ಷೆ ತಿದ್ದಿದರೆ, ಅದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯಾ ಡೆಮಾಕ್ರಟರಿಗಾಗಿ ತಿದ್ದಿತು. ಕ್ಯಾಲಿಫೋರ್ನಿಯಾದಲ್ಲಿ ನವೆಂಬರ್ 4ರಂದು ಜನರ ಮತ ಕೇಳಿ ಹಾಗೆ ಮಾಡಲಾಯಿತು ಎಂಬ ವ್ಯತ್ಯಾಸವಿದೆ. ಏಟಿಗೆ ಎದುರೇಟು ಎಂಬ ತರ್ಕದಲ್ಲಿ ವ್ಯತ್ಯಾಸವಿಲ್ಲ.

ಮತ್ತೊಂದು ವಾದವೂ ಇದೇ ರಾಜ್ಯದಿಂದ ವಾಷಿಂಗ್ಟನ್ನಿಗೆ ಹೋಯಿತು. ಸಂಸತ್ ಚುನಾವಣೆಗಳ ವಿಷಯದಲ್ಲಿ ಶಾಸನಸಭೆ ಮಾಡಿದ್ದನ್ನು ರಾಜ್ಯದ ನ್ಯಾಯಾಲಯಗಳು ಪ್ರಶ್ನಿಸುವಂತೆಯೇ ಇಲ್ಲ ಎಂಬುದು ಆ ವಾದ. 2023ರ ಜೂನ್ 27ರಂದು ಸುಪ್ರೀಂ ಕೋರ್ಟ್ ಅದನ್ನು ಆರು–ಮೂರರ ಬಹುಮತದಿಂದ ತಿರಸ್ಕರಿಸಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ಆ ತೀರ್ಪಿನಲ್ಲಿ 1787ರ ಬೇಯಾರ್ಡ್ ಪ್ರಕರಣದ ಉಲ್ಲೇಖವಿದೆ. ಅಮೆರಿಕದ ನ್ಯಾಯಾಂಗ ಪಾಠದ ಎರಡನೆಯ ಭಾಗವನ್ನು ಪೂರ್ತಿ ಮರೆತಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಪ್ರಶ್ನಿಸುವ ಹಕ್ಕು ಉಳಿದ ಮಾತ್ರಕ್ಕೆ ಪ್ರಶ್ನಿಸುವ ಮನಸ್ಸು ಉಳಿದೀತೆಂಬ ಖಾತರಿಯಿಲ್ಲ.

ಒಳಗಿನಿಂದ ಬೀಗ ಹಾಕಿದ ಬಾಗಿಲು

ಹೋಲಿಕೆಗಳಿಗೆ ಮಿತಿಯಿದೆ. ರಾಲಿಯಲ್ಲಿ ಯಾರ ತಲೆಯೂ ಉರುಳುತ್ತಿಲ್ಲ, ಸಭೆಯ ಬಾಗಿಲಲ್ಲಿ ಸೈನಿಕರು ನಿಂತಿಲ್ಲ. ಚುನಾವಣೆಗಳು ನಡೆಯುತ್ತಿವೆ, ಪತ್ರಿಕೆಗಳು ಬರೆಯುತ್ತಿವೆ, ಗವರ್ನರರ ಹುದ್ದೆಯನ್ನು ವಿರೋಧ ಪಕ್ಷ ಮತ್ತೆ ಮತ್ತೆ ಗೆಲ್ಲುತ್ತಿದೆ. ಕಾನೂನು ಮಾಡುವುದು ಶಾಸನಸಭೆಯ ಕೆಲಸ, ಗವರ್ನರರನ್ನು ದುರ್ಬಲವಾಗಿಡುವುದು ಈ ರಾಜ್ಯದ ಪರಂಪರೆ ಎಂಬ ರಿಪಬ್ಲಿಕನ್ ನಾಯಕರ ವಾದವೂ ಆಧಾರರಹಿತವಲ್ಲ.

ಆದರೆ ಆ ಪರಂಪರೆಗೊಂದು ಷರತ್ತಿತ್ತು. 1776ರ ಸಂವಿಧಾನ ಎಲ್ಲ ಅಧಿಕಾರವನ್ನೂ ಸಭೆಗೆ ಕೊಟ್ಟಾಗ, ಆ ಸಭೆ ಪ್ರತಿವರ್ಷವೂ ಚುನಾವಣೆ ಎದುರಿಸಬೇಕೆಂದೂ ಹೇಳಿತ್ತು. ಕುಂದುಕೊರತೆಗಳ ನಿವಾರಣೆಗೆ ಮೇಲಿಂದ ಮೇಲೆ ಚುನಾವಣೆ ನಡೆಯಬೇಕು ಎಂಬ ತತ್ವವನ್ನು ಹಕ್ಕುಗಳ ಘೋಷಣೆಯಲ್ಲೇ ಬರೆದಿಟ್ಟಿತ್ತು. ಮತದಾನದ ಹಕ್ಕು ಆಗ ಎಲ್ಲರಿಗೂ ಇರಲಿಲ್ಲ ಎಂಬುದು ಬೇರೆ ಮಾತು. ಸಭೆಯ ಬಲಕ್ಕೆ ಸಮರ್ಥನೆ ಇದ್ದದ್ದು ಅದನ್ನು ಬದಲಿಸುವ ಬಲ ಜನರಲ್ಲಿ ಇದೆ ಎಂಬ ನಂಬಿಕೆಯಲ್ಲಿ. ಗೆರೆಗಳನ್ನು ತಿರುಚಿ ಆ ಬಲವನ್ನು ಕುಗ್ಗಿಸಿದ ಮೇಲೆ ಹಳೆಯ ಪರಂಪರೆಯ ಹೆಸರು ಹೇಳುವುದು ಸಾಲ ತೀರಿಸದೆ ಅಡವಿಟ್ಟ ಒಡವೆ ಕೇಳಿದಂತೆ.

ಪರಿಹಾರವೇನು? ಭಾರತದಲ್ಲಿ ಕ್ಷೇತ್ರ ಪುನರ್ವಿಂಗಡಣೆಯ ಬಗ್ಗೆ ಎಷ್ಟೇ ತಕರಾರುಗಳಿರಲಿ, ಗೆರೆ ಎಳೆಯುವ ಹೊಣೆ ನ್ಯಾಯಾಧೀಶರ ನೇತೃತ್ವದ ಪ್ರತ್ಯೇಕ ಆಯೋಗದ್ದು. ಅದರ ಕಲಾಪದಲ್ಲಿ ಕೂರುವ ಶಾಸಕರಿಗೆ ಮತದ ಹಕ್ಕಿಲ್ಲ. ಅಮೆರಿಕದಲ್ಲೂ ಅರಿಜೋನಾದ ಮತದಾರರು 2000ದಲ್ಲಿ, ಮಿಷಿಗನ್ನಿನ ಮತದಾರರು 2018ರಲ್ಲಿ, ಸಹಿ ಸಂಗ್ರಹಿಸಿ ಜನಮತಗಣನೆಯ ಮೂಲಕ ಸ್ವತಂತ್ರ ಆಯೋಗಗಳನ್ನು ಸ್ಥಾಪಿಸಿಕೊಂಡರು. ನಾರ್ತ್ ಕ್ಯಾರೊಲಿನಾದ ಮತದಾರರಿಗೆ ಆ ದಾರಿಯಿಲ್ಲ. ಅಲ್ಲಿ ಸಂವಿಧಾನದ ತಿದ್ದುಪಡಿಯ ಪ್ರಸ್ತಾವ ಶಾಸನಸಭೆಯಿಂದ, ಇಲ್ಲವೇ ಅದೇ ಕರೆಯಬಹುದಾದ ಸಮಾವೇಶದಿಂದ ಮಾತ್ರ ಬರಬೇಕು. ಜನ ‘ಬೇಡ’ ಎನ್ನಬಲ್ಲರು, 2018ರಲ್ಲಿ ಅಂದಂತೆ. ‘ಇದು ಬೇಕು’ ಎಂದು ತಾವಾಗಿ ಮುಂದಿಡಲಾರರು. ಬಾಗಿಲಿಗೆ ಒಳಗಿನಿಂದ ಬೀಗ ಬಿದ್ದಿದೆ, ಕೀಲಿಕೈ ಒಳಗಿರುವವರ ಬಳಿಯೇ ಇದೆ. 1641ರ ಕಾನೂನು ಮಾಡಿದ್ದೂ ಇದನ್ನೇ.

ಇಂಗ್ಲೆಂಡು ಸ್ಟುವರ್ಟರ ಶತಮಾನದಿಂದ ಹೊರಬಂದದ್ದು ದೊರೆಯ ಮೇಲೆ ಸಭೆಯ ವಿಜಯದಿಂದ ಮಾತ್ರ ಅಲ್ಲ. 1694ರಲ್ಲಿ ಒಂದೇ ಪಾರ್ಲಿಮೆಂಟು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಇರಕೂಡದೆಂಬ ಕಾನೂನು ಬಂದಿತು. 1701ರ ಕಾನೂನು, ದೊರೆಯ ಮರ್ಜಿಗೆ ತಕ್ಕಂತೆ ನ್ಯಾಯಾಧೀಶರನ್ನು ಕಿತ್ತುಹಾಕುವ ಪದ್ಧತಿಗೆ ಕೊನೆ ಹಾಡಿತು. ಅರಸನನ್ನು ಸಭೆ ತಡೆಯಬೇಕು, ಸಭೆಯನ್ನು ಚುನಾವಣೆ ತಡೆಯಬೇಕು, ಎರಡನ್ನೂ ನ್ಯಾಯಾಲಯ ಗಮನಿಸುತ್ತಿರಬೇಕು ಎಂಬ ವಿವೇಕ ಮೂಡಲು ಒಬ್ಬ ದೊರೆಯ ತಲೆ, ಇನ್ನೊಬ್ಬನ ಪಲಾಯನ, ನಡುವೆ ಒಂದು ಅಂತರ್ಯುದ್ಧ ಬೇಕಾಯಿತು. 1714ರಲ್ಲಿ ಆ್ಯನ್ ರಾಣಿಯೊಂದಿಗೆ ಸ್ಟುವರ್ಟ್ ಆಳ್ವಿಕೆ ಮುಗಿಯುವ ವೇಳೆಗೆ ಆ ವಿವೇಕದ ಅಡಿಪಾಯ ಬಿದ್ದಿತ್ತು.

2026ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ದೊರೆಗಳು ಬೇಡ ಎಂದು ಬೀದಿಯಲ್ಲಿ ಕೂಗಿದವರ ಕಾಳಜಿ ಪ್ರಾಮಾಣಿಕವಾದದ್ದು. ಆದರೆ ಅಧ್ಯಕ್ಷರ ಅವಧಿಗೆ ಸಂವಿಧಾನ ಕೊನೆಯ ದಿನವನ್ನು ನಿಗದಿಪಡಿಸಿದೆ. ತನ್ನ ಮತದಾರರನ್ನು ತಾನೇ ಆರಿಸಿಕೊಳ್ಳುವ ಸಭೆಗೆ ಅಂಥ ಕೊನೆಯ ದಿನವಿಲ್ಲ. ರಾಜ್ಯಗಳ ರಾಜಧಾನಿಗಳಲ್ಲಿ ಸದ್ದಿಲ್ಲದೆ ಎಳೆಯುವ ಆ ಗೆರೆಗಳತ್ತ ಅಮೆರಿಕದ ಮತದಾರ ಕಣ್ಣು ಹಾಯಿಸದಿದ್ದರೆ, ಮೆರವಣಿಗೆಯಲ್ಲಿ ಎಷ್ಟೇ ಗಟ್ಟಿಯಾಗಿ ಕೂಗಿದರೂ ಮತಪೆಟ್ಟಿಗೆಯಲ್ಲಿ ಅವನ ಧ್ವನಿ ಕೇಳಿಸದು.